ಗೈರುಹಾಜರಿಯ ಒಪ್ಪಂದ

ಕೊಲಂಬಸ್, ಭಾನುವಾರ ಸಂಜೆ

ಪ್ರಿಯ ಲೆಮ್ಯುಯೆಲ್,

ನೀನು ತೀರಿಹೋಗಿದ್ದೀಯೆಂದು ಗೊತ್ತಿದ್ದೂ ನಿನಗೇ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಹೇಳಿದರೂ ನನ್ನ ತಲೆ ಕೆಟ್ಟಿದೆ ಎಂದಾರು.

ಚರ್ಮ ಹದಮಾಡುವವನ ಮಗ ನೀನು. ವಕೀಲನಾದೆ, ನದಿತೀರದ ಜಿಲ್ಲೆಯಿಂದ ಶಾಸನಸಭೆಗೆ ಆರಿಸಿ ಬಂದೆ, ಕೂದಲು ನೆರೆಯುವವರೆಗೂ ಎದುರು ಪಕ್ಷದಲ್ಲಿದ್ದು ನನ್ನ ಪ್ರತಿ ಮಾತಿಗೂ ಅಡ್ಡಗಾಲು ಹಾಕಿದೆ. ಸಂಜೆಯಾದರೆ ಇಬ್ಬರೂ ಒಂದೇ ಮೇಜಿನಲ್ಲಿ ಹಂದಿಮಾಂಸ, ಮೆಕ್ಕೆಜೋಳದ ರೊಟ್ಟಿ ತಿನ್ನುತ್ತಿದ್ದೆವು. ಓಡಿಬಂದಿದ್ದ ಕೇಟೋ ಎಂಬ ಗುಲಾಮನನ್ನು ಕೋರ್ಟಿನಲ್ಲಿ ವಾದಿಸಿ ಒಡೆಯನಿಗೆ ಮರಳಿ ಕೊಡಿಸಿದವನೂ ನೀನೇ. ಆಮೇಲೆ ನೀನು ದೀಪ ಆರಿಸಿ ಮಲಗಿದ್ದನ್ನು ನಾನು ಕಾಣೆ.

ಈ ಸಲದ ಮಸೂದೆ ನನ್ನದು. ಓಡಿಬಂದವರನ್ನು ಜ್ಯೂರಿಯ ಮುಂದೆ ವಿಚಾರಣೆಯಿಲ್ಲದೆ ಯಾರೂ ಹಿಡಿದೊಯ್ಯುವಂತಿಲ್ಲ. ಹಾಗೆ ಓಡಿಬಂದು ನಮ್ಮ ವಸತಿಗೃಹದಲ್ಲಿ ಬಟ್ಟೆ ಒಗೆಯುವ ಹೆಸ್ಟರ್‌ಳನ್ನು ಹುಡುಕಿಕೊಂಡು ಗುಲಾಮರನ್ನು ಹಿಡಿಯುವವರು ಆಗಲೇ ಊರಿಗೆ ಬಂದಿಳಿದಿದ್ದರು. ಅಷ್ಟರಲ್ಲಿ ನೀನು ಜ್ವರ ಹಿಡಿದು ಮನೆಗೆ ಹೊರಟೆ. "ಆಲ್ವಾ, ನಾನಿಲ್ದಾಗ ನೀನೂ ಓಟು ಹಾಕೋ ಹಾಗಿಲ್ಲ" ಅಂದೆ ನೀನು, ಗಾಡಿ ಹತ್ತುತ್ತ. ಒಬ್ಬ ಗೈರಾದರೆ ಅವನ ಎದುರಾಳಿಯೂ ಮತ ಹಾಕದಿರುವುದು ನಮ್ಮ ಸಭೆಯ ಹಳೆಯ ರೂಢಿ. "ಆಯ್ತು ಹೋಗಯ್ಯಾ. ನೀನು ಇದ್ರೂ ಕಾಟ, ಹೋದ್ರೂ ಕಾಟ" ಎಂದು ನಾನು ಮಾತು ಕೊಟ್ಟೆ.

ಗುರುವಾರ ಮಧ್ಯಾಹ್ನ ಮತಕ್ಕಾಗಿ ಹೆಸರು ಕೂಗತೊಡಗಿದರು. ಹೆಸ್ಟರ್ ಮೇಲಿನ ಗ್ಯಾಲರಿಯಲ್ಲಿ ಕಂಬ ಹಿಡಿದು ನಿಂತಿದ್ದಳು. "ಪ್ರ್ಯಾಟ್" ಎಂದು ನಿನ್ನ ಹೆಸರು ಬಂದಾಗ ನಾನು ತಲೆ ತಗ್ಗಿಸಿದೆ. "ಹೌದು" ಎಂಬ ಉತ್ತರ ಕೇಳಿಸಿತು, ನನ್ನ ಮಸೂದೆಯ ಪರವಾಗಿ, ನಿನ್ನದೇ ದನಿ. ನೋಡಿದರೆ ನೀನು ನಿನ್ನ ಕುರ್ಚಿಯಲ್ಲಿ ಕೂತಿದ್ದೆ. ಒಲೆ ಪಕ್ಕದಲ್ಲೇ ಉರಿಯುತ್ತಿದ್ದರೂ ಭುಜದ ಮೇಲಿನ ಹಿಮ ಕರಗಿರಲಿಲ್ಲ. ನನ್ನತ್ತ ಕೈ ಚಾಚಿ, "ಬಂದಿದೀನಲ್ಲ, ಇನ್ನು ನೀನೂ ಹಾಕು" ಅಂದೆ. ನಾನೂ ಹಾಕಿದೆ. ಮಸೂದೆ ಒಂದೇ ಮತದಿಂದ ಗೆದ್ದಿತು. ತಿರುಗುವಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು.

ಸಂಜೆ ತಂತಿ ಬಂತು. ನೀನು ಅಂದು ಬೆಳಗಿನ ಜಾವವೇ ಹೋಗಿಬಿಟ್ಟಿದ್ದೆಯಂತೆ.

ಸತ್ತವನ ಹೆಸರಿನಲ್ಲಿ ಬೇರೆ ಯಾರೋ ಕೂಗಿದ್ದಾರೆ, ಆ ಮತ ರದ್ದಾಗಬೇಕು ಎನ್ನುತ್ತಿದ್ದಾರೆ ನಿನ್ನ ಪಕ್ಷದವರು. ರದ್ದಾದರೆ ಹೆಸ್ಟರ್ ಕಥೆ ಮುಗಿಯಿತು. ನಾಳೆ ನಾನು ಬೈಬಲ್ ಮುಟ್ಟಿ ಸಾಕ್ಷಿ ಹೇಳಬೇಕು. ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ ಎನ್ನುತ್ತೇನೆ, ಸುಳ್ಳಲ್ಲವಲ್ಲ. ನೀನು ಚಾಚಿದ ಕೈಯನ್ನು ನಾನೇಕೆ ಕುಲುಕಲಿಲ್ಲ ಎಂದು ಯಾರೂ ಕೇಳದಿದ್ದರೆ ಸಾಕು.

ನಿನ್ನ ಮೇಲೆ ನನಗೆ ತುಂಬ ಪ್ರೀತಿಯಿತ್ತು, ಲೆಮ್. ಬದುಕಿದ್ದಾಗ ಹೇಳಲಿಲ್ಲ. ಬರೆಯಲು ಕೂತಾಗಿನಿಂದ ಬೆನ್ನ ಹಿಂದೆ ನಿಂತು ಇದನ್ನೆಲ್ಲ ಓದುತ್ತಿದ್ದೀಯ, ನಿನ್ನ ಹಿಮದ ಚಳಿಗೆ ನನ್ನ ಕುತ್ತಿಗೆ ಮರಗಟ್ಟಿದೆ. ಸಾಕ್ಷಿಗೆ ನಾನೊಬ್ಬನೇ ಸಾಕು, ನಾಳೆ ನೀನು ಬರಬೇಡ. ಇನ್ನು ಹೋಗು, ಗೆಳೆಯಾ. ದೇವರು ನಿನ್ನನ್ನು ತನ್ನ ಬಳಿ ಕೂರಿಸಿಕೊಳ್ಳಲಿ.

ನಿನ್ನ ಎದುರು ಪಕ್ಷದವನು,
ಆಲ್ವಾ ಥರ್ಬರ್