ಅದು ರಾಬಿನ್ ಅಲ್ಲ

ಡುಲುತ್,
ಡಿಸೆಂಬರ್ ೧೯, ಸಂಜೆ

ಪ್ರೀತಿಯ ಅಜ್ಜೀ,

ಹೇಗಿದ್ದೀಯ? ಟೂಸಾನಿನ ಬಿಸಿಲಿಗೆ ಮಂಡಿನೋವು ಸ್ವಲ್ಪವಾದರೂ ಇಳಿಯಿತೆ? ಲವೋನ್ ಚಿಕ್ಕಜ್ಜಿ ಈಗಲೂ ರೇಡಿಯೋ ಜೋರಾಗಿಟ್ಟು ನಿನ್ನ ನಿದ್ದೆ ಕೆಡಿಸುತ್ತಾಳೆಯೆ? ನಾನು ಚೆನ್ನಾಗಿದ್ದೇನೆ. ಅಂದರೆ, ಕೆಮಿಸ್ಟ್ರಿ ಪರೀಕ್ಷೆಯನ್ನು ನೆನೆಯದಿರುವವರೆಗೆ. ನಿನ್ನ ಮೆಟ್ಟಿಲ ಮೇಲಿನ ಹಿಮ ದಿನಾ ತೆಗೆಯುತ್ತಿದ್ದೇನೆ.

ಈಗ ಒಂದು ವಿಷಯ, ಬೈಯಬೇಡ. ಈ ವರ್ಷ ಹಕ್ಕಿಗಳಿಗೆ ಕಾಳಿನ ಡಬ್ಬ ಕಟ್ಟಲೇಬೇಡ ಎಂದು ಹೇಳಿ ಹೋಗಿದ್ದೆಯಲ್ಲ, ಕಟ್ಟಿದೆ. ಹೋದ ವರ್ಷ ಹಕ್ಕಿ ನೋಡುವವರ ಸಂಘ ಊರಿನ ಹಕ್ಕಿ ಎಣಿಸಿದ ದಿನದ ಊಟದಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ, ಹಿತ್ತಲಲ್ಲಿ ಬ್ರಾಂಬ್ಲಿಂಗ್ ಕಂಡೆ, ಅಮೆರಿಕದಲ್ಲಿ ಕಾಣುವುದೇ ಅಪರೂಪವಾದ ಯುರೋಪಿನ ಆ ಪುಟ್ಟ ಹಕ್ಕಿ, ಎಂದು ನೀನು ಹೇಳಿದಾಗ ಆ ಸಂಘದ ಹಿರಿಯ ವೆಂಡೆಲ್ "ಚಳಿಗೆ ಮುದುಡಿದ ರಾಬಿನ್ ಇರ್ಬೇಕು ಬಿಡು ಆರ್ಡಿಸ್, ಕನ್ನಡಕ ಒರೆಸ್ಕೊಂಡು ನೋಡು" ಅಂದರಂತೆ, ಎಲ್ಲರೂ ಸೂಪಿನ ಬಟ್ಟಲಿಗೆ ಬಗ್ಗಿ ನಕ್ಕರಂತೆ. ಈ ಸಲ ನೀನು ಚಳಿಗೆ ಮೊದಲೇ ಊರು ಬಿಟ್ಟದ್ದು ಅದಕ್ಕೇ. ಮಂಡಿನೋವಂತೆ, ಮಂಡಿನೋವು!

ಶುಕ್ರವಾರ ಅದು ಬಂತು ಅಜ್ಜಿ. ಡಬ್ಬದ ಕೆಳಗೆ, ದಿನಾ ಬರುವ ಬೂದು ಜುಂಕೋ ಹಕ್ಕಿಗಳ ನಡುವೆ. ಕಿತ್ತಳೆ ಎದೆ, ಕಿತ್ತಳೆ ಭುಜ, ಮಸಿ ಮೆತ್ತಿದಂಥ ತಲೆ, ಹಳದಿ ಕೊಕ್ಕು. ಇಲ್ಲಿನ ರಾಬಿನ್ ಎಂದರೆ ಇದರ ಎರಡರಷ್ಟು ದಪ್ಪ! ಇಲ್ಲಿಗೆ ಬರುವ ಮೊದಲು ಇಂಗ್ಲೆಂಡಿನ ಶಾಲೆಯ ಹಾಸ್ಟೆಲಿನಲ್ಲಿ ಚಳಿಗಾಲವೆಲ್ಲ ಕಿಟಕಿಯಲ್ಲಿ ನಿಂತು, ಬೀಚ್ ಜಾತಿಯ ಮರಗಳ ಕೆಳಗೆ ಇವುಗಳ ಹಿಂಡು ನೋಡುತ್ತ ಅಳು ನುಂಗಿದವಳು ನಾನು. ನನಗೆ ಗುರುತು ತಪ್ಪೀತೆ?

ಎಣಿಕೆಯ ದಿನ ಊಟಕ್ಕೆ ಹೋದೆ. ವೆಂಡೆಲ್ ಎಂದಿನಂತೆ ಒಂದೊಂದೇ ಹಕ್ಕಿಯ ಹೆಸರು ಕೂಗಿದರು, ಕಂಡವರು "ಇದೆ" ಅಂದರು. ಕೊನೆಗೆ "ಬೇರೆ ಏನಾದ್ರೂ?" ಎಂದಾಗ ಎದ್ದುನಿಂತೆ. ಬ್ರಾಂಬ್ಲಿಂಗ್, ಒಂದು, ಆರ್ಡಿಸ್ ಹಿತ್ತಲು, ಅಂದೆ. "ಓಹೋ, ಅಜ್ಜಿಯ ರಾಬಿನ್ ಮೊಮ್ಮಗಳಿಗೂ ಬಂತಾ!" ಎಂದರು ವೆಂಡೆಲ್. "ಪಾಪ, ಮಗೂಗೆ ಇಂಗ್ಲೆಂಡ್ ನೆನಪಾಗ್ತಿದೆ, ಇನ್ನೊಂದು ಸೌಟು ಸೂಪ್ ಹಾಕ್ರೋ" ಎಂದು ಹಿಂದಿನಿಂದ ಯಾರೋ. ಕ್ಯಾಂಟೀನಿನಲ್ಲಿ ಕಾಫಿ ಕೇಳಲೂ ಹೆದರುವ ನಾನು "ನಾಳೆ ಬೆಳಿಗ್ಗೆ ಬನ್ನಿ, ನಿಮ್ಮ ಕನ್ನಡಕ ಒರೆಸಿಕೊಂಡೇ ಬನ್ನಿ" ಅಂದುಬಿಟ್ಟೆ!

ಬಂದರು. ಅಡುಗೆಮನೆಯ ಕಿಟಕಿಯ ಬಳಿ ನಿನ್ನ ಕುರ್ಚಿಯಲ್ಲೇ, ಹೌದು ನಿನ್ನದರಲ್ಲೇ, ಕೂತು ನಿನ್ನ ಶುಂಠಿ ಬಿಸ್ಕತ್ತು ತಿಂದರು. ಹಕ್ಕಿ ಬಂತು. ಕಾಳು ಹೆಕ್ಕಿ ಹಾರುವಾಗ ರಾಬಿನ್ನಿಗಿಲ್ಲದ ಆ ಬೆನ್ನಿನ ಬುಡದ ಬಿಳುಪು ಎದ್ದು ಕಂಡಿತು. ಬಾಯೊಳಗಿನ ಬಿಸ್ಕತ್ತು ಅಗಿಯುವುದನ್ನೂ ಮರೆತರು ಮನುಷ್ಯ. ಆಮೇಲೆ ಅಂಗಳಕ್ಕಿಳಿದದ್ದೇ ಸಂಘದ ಗೆಳೆಯನಿಗೆ ಫೋನು: "ಕಾರ್ಲ್, ನಾನೊಂದು ಬ್ರಾಂಬ್ಲಿಂಗ್ ಹುಡುಕಿದೀನಿ ಕಣೋ!" ನಾನಂತೆ! ಹುಡುಕಿದ್ದಂತೆ! ನಮ್ಮ ಹಿತ್ತಲಲ್ಲಿ ನಮ್ಮ ಕಾಳು ತಿನ್ನುವ ಹಕ್ಕಿಯನ್ನು, ನಮ್ಮ ಬಿಸ್ಕತ್ತು ತಿನ್ನುತ್ತ! ಮಧ್ಯಾಹ್ನಕ್ಕೆ ಬೀದಿ ತುಂಬ ಕಾರು, ಇಳಿದವರೆಲ್ಲರ ಕೊರಳಲ್ಲಿ ದುರ್ಬೀನು.

ಚಿಕ್ಕಜ್ಜಿಗೆ ನನ್ನ ನೆನಪು ಹೇಳು. ಕಿವಿ ಮುಚ್ಚಿಕೊಂಡಾದರೂ ನಿದ್ದೆ ಮಾಡು.

ನಿನ್ನ ಮುದ್ದಿನ
ಟ್ಯಾಮ್ಸಿನ್

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಗೇಟಿಗೆ ಬೀಗ ಹಾಕಿದ್ದೇನೆ, ಅಡುಗೆಮನೆಯ ಪರದೆ ಎಳೆದಿದ್ದೇನೆ. ಇದು ಆರ್ಡಿಸ್ ಹಿತ್ತಲು, ಅವಳು ಬಂದು ತೆರೆದರೆ ಮಾತ್ರ ನೋಡಬಹುದು ಎಂದು ಬಂದವರಿಗೆಲ್ಲ ಹೇಳಿದೆ. ವೆಂಡೆಲ್ ಟೋಪಿ ತೆಗೆದು "ಅವಳ ನಂಬರ್ ಕೊಡಮ್ಮ, ತಪ್ಪಾಯ್ತು ಅಂತೀನಿ" ಅಂದರು. ಕೊಡಲಿಲ್ಲ. ನಕ್ಕ ಜಾಗದಲ್ಲೇ, ನಕ್ಕವರೆದುರೇ ಹೇಳಬೇಕು ಅಂದೆ. ಒಪ್ಪಿದ್ದಾರೆ. ಕಾಳಿನ ಇನ್ನೊಂದು ಚೀಲ ತಂದಿಟ್ಟಿದ್ದೇನೆ, ಹಕ್ಕಿ ಎಲ್ಲೂ ಹೋಗುವಂತೆ ಕಾಣುವುದಿಲ್ಲ. ಬಾ ಅಜ್ಜಿ. ಅಲ್ಲಿಯವರೆಗೆ ಇವರೆಲ್ಲ ಗೇಟಿನಾಚೆ ನಿಂತು ಚಳಿಗೆ ಮುದುಡಿಕೊಳ್ಳಲಿ, ರಾಬಿನ್ನುಗಳ ಹಾಗೆ.