ದೊರೆಗೆ ಮದ್ದು ಹಾಕಿದ್ದು

ಮನೆಯಿಂದ
ಗುರುವಾರ, ತಾರೀಖು ೧೪

ಪ್ರೀತಿಯ ತಮ್ಮನಿಗೆ,

ಪ್ರೀತಿಯ ಅಂತ ಬರೆದದ್ದು ರೂಢಿಗೆ, ಉಬ್ಬಿಹೋಗಬೇಡ. ಆರೋಗ್ಯವೇ? ಕೆಮ್ಮು ನಿಂತಿತೇ? ಫೋನಿನಲ್ಲಿ ಆ ಪರಿ ಕಿರುಚಿದೆಯಲ್ಲ, ಗಂಟಲು ನೆಟ್ಟಗಿದೆ ಅಂದುಕೊಂಡೆ. ಆದರೂ ಬಿಸಿನೀರು ಕುಡಿ. ಎದೆಯಲ್ಲಿ ಕಫ ಕಟ್ಟಿದರೆ ಅಲ್ಲಿ ನಿನ್ನನ್ನು ನೋಡುವವರು ಯಾರು?

"ಅಕ್ಕಾ, ನೀನು ಮನುಷ್ಯಳೇನೇ?" ಅಂತ ಕೇಳಿ ನೀನು ಫೋನು ಇಟ್ಟೆ. ನಾನು ಮತ್ತೆ ಮಾಡಿದರೆ ಎತ್ತುತ್ತಿಲ್ಲ. ಶನಿವಾರ ನಿನ್ನ ಗೆಳೆಯ, ಆ ವ್ಯಾನ್ ಡ್ರೈವರ್, ಬಂದು ದೊರೆಯನ್ನು ಕರೆದುಕೊಂಡು ಹೋಗುತ್ತಾನಂತೆ. ಅಲ್ಲಿಯವರೆಗೆ ನಾನು ಅದನ್ನು ಮುಟ್ಟಬಾರದಂತೆ. ನಾಯಿಗೆ ದೊರೆ ಅಂತ ಹೆಸರಿಟ್ಟು, ಹದಿನೈದು ದಿನ ನೋಡ್ಕೋ ಅಕ್ಕಾ ಅಂತ ಬಿಟ್ಟುಹೋದವನು ನೀನು. ವರ್ಷವಾಯಿತು. ಅದು ಉಂಡಿತೋ ಮಲಗಿತೋ ಅಂತ ಒಂದು ದಿನ ಕೇಳದವನು ಈಗ ನನಗೆ ನ್ಯಾಯ ಹೇಳುತ್ತೀಯಾ? ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಪೂರ್ತಿ ಓದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಬರಹ, ತಪ್ಪಿದ್ದರೆ ನುಂಗಿಕೋ.

ಹೋದ ವಾರ ದೊರೆ ಹಿತ್ತಲಲ್ಲಿ ಗಾಜಿನ ಚೂರು ತುಳಿಯಿತು. ಅಂಗಾಲು ಸೀಳಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆಲ್ಲ ರಕ್ತ. ಗಿರಾಕಿಯ ಲೈನಿಂಗ್ ಬಟ್ಟೆಯನ್ನೇ ಹರಿದು ಕಟ್ಟಿದೆ. ಹೊಲಿಗೆಯಲ್ಲೇ ಬದುಕಿದವಳಿಗೆ ಹೆದರಿಕೆಯಲ್ಲಿ ಒಂದು ಗಂಟು ಹಾಕಲು ಬರಲಿಲ್ಲ. ನಾಯಿ ಡಾಕ್ಟರಮ್ಮ ಗಾಯ ಹೊಲಿದು, ಮನೆಯಲ್ಲೊಂದು ಫಸ್ಟ್ ಏಡ್ ಡಬ್ಬಿ ಮಾಡಿಟ್ಟುಕೊಳ್ಳಿ, ಏನಾದರೂ ಆದ ತಕ್ಷಣ ಎಲ್ಲ ಕೈಗೆ ಸಿಗಬೇಕು ಅಂದರು. ಸರಿ, ಮೆಡಿಕಲ್ ಅಂಗಡಿಗೆ ಹೋದೆ. "ನಾಯಿಗೆ ಮದ್ದು ಹಾಕಬೇಕು, ಏನೇನು ಬೇಕೋ ಕೊಡಿ" ಅಂದೆ. ಅಂಗಡಿಯವನು ನನ್ನನ್ನು ಮೇಲೆ ಕೆಳಗೆ ನೋಡಿ, "ಪಾಪ, ಅದೇನ್ರೀ ಮಾಡ್ತು ನಿಮಗೆ?" ಅಂದ. ನಾನು ಗಾಯದ ಮಾತೇ ಅಂದುಕೊಂಡು, "ಅಯ್ಯೋ, ಅದರ ದೆಸೆಯಿಂದ ಕಣ್ಣಿಗೆ ನಿದ್ದೆಯಿಲ್ಲ, ಬೇಗ ಮುಗೀಬೇಕು" ಅಂದೆ. ಪಕ್ಕದಲ್ಲಿದ್ದ ಎದುರುಮನೆ ಟೀಚರಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಾನು ಗಾಯಕ್ಕೆ ಹಾಕುವ ಮದ್ದು ಕೇಳಿದರೆ ಅವರಿಗೆ ಊಟದಲ್ಲಿ ಹಾಕಿ ಕೊಲ್ಲುವ ಮದ್ದು ಕೇಳಿಸಿತು!

ಔಷಧಿ ಅನ್ನಬೇಕಿತ್ತು, ಒಪ್ಪಿದೆ. ನಮ್ಮ ಅಮ್ಮ ಮದ್ದು ಅಂತಲೇ ಅನ್ನುತ್ತಿದ್ದಳಲ್ಲ? ನೀನು ಮೊಣಕಾಲು ಕೆತ್ತಿಕೊಂಡು ಬಂದಾಗಲೆಲ್ಲ ಮದ್ದು ಹಾಕಿದವಳು ನಾನೇ. ಸತ್ತೆಯಾ? ಹಾಳು ನಾಯಿ, ದರಿದ್ರ ನಾಯಿ ಅಂತ ಬೀದಿಗೆಲ್ಲ ಕೇಳುವ ಹಾಗೆ ಬೈಯುವುದು ನಿಜ. ನಿನ್ನನ್ನೂ ಹಾಗೇ ಬೈಯುತ್ತೇನೆ. ಅಂಗಡಿಯವನು ಹತ್ತಿಯನ್ನೂ ಕೊಡಲಿಲ್ಲ. ಕುಂಟುವ ದೊರೆಯನ್ನೇ ಕರೆದುಕೊಂಡು ಹೋಗಿ ಕಾಲಿನ ಕಟ್ಟು ತೋರಿಸಿದ ಮೇಲೆ ತಲೆ ತಗ್ಗಿಸಿ ಕೊಟ್ಟ. ಅಷ್ಟರಲ್ಲಿ ಟೀಚರಮ್ಮ ಫೋನು ಮಾಡಿ ನಿನ್ನ ಕಿವಿ ಊದಿಯಾಗಿತ್ತು. ನೀನೂ ನಂಬಿದೆ.

ಈಗ ಹಳೇ ಬಿಸ್ಕತ್ ಡಬ್ಬಿ ತುಂಬಿದೆ. ಹತ್ತಿ, ಸುತ್ತುವ ಬ್ಯಾಂಡೇಜು, ಗಾಯ ತೊಳೆಯುವ ನೀರಿನ ಬಾಟಲಿ, ಮುಳ್ಳು ಕೀಳುವ ಚಿಮುಟ ಎಲ್ಲ ಇವೆ. ನನ್ನ ಕತ್ತರಿ ಚೂಪು ಜಾಸ್ತಿ ಅಂತ ತುದಿ ಮೊಂಡಾದದ್ದು ಬೇರೆ ತಂದೆ. ನೋವಾದಾಗ ನಾಯಿಗಳು ಸಾಕಿದವರನ್ನೇ ಕಚ್ಚುತ್ತವಂತೆ, ನಿನ್ನ ಹಾಗೆ. ಅದಕ್ಕೆ ಮೂತಿಗೆ ಕಟ್ಟುವ ಪಟ್ಟಿಯನ್ನು ನೀನು ಬಿಟ್ಟುಹೋದ ಹೊಸ ಪ್ಯಾಂಟು ಕತ್ತರಿಸಿ ಹೊಲಿದೆ. ನಾವು ನುಂಗುವ ನೋವಿನ ಮಾತ್ರೆ ಅದಕ್ಕೆ ವಿಷವಂತೆ, ಡಾಕ್ಟರಮ್ಮ ಹೇಳಿದರು. ಮಾತ್ರೆಗಳನ್ನೆಲ್ಲ ಬೀರುವಿನ ಮೇಲಿಟ್ಟೆ. ಜಾರಿ ಬಿದ್ದರೆ ಅನ್ನಿಸಿ ಒಳಗಿಟ್ಟು ಬೀಗ ಹಾಕಿದೆ. ಬೀಗದ ಕೈಯನ್ನೇ ನುಂಗಿಬಿಟ್ಟರೆ ಅಂತ ಅದನ್ನು ಕೊರಳಿಗೆ ಹಾಕಿಕೊಂಡಿದ್ದೇನೆ. ಇಂಥವಳಿಗೆ ಮುಟ್ಟಬೇಡ ಅನ್ನುತ್ತೀಯ.

ಮೈ ಕಡೆ ನಿಗಾ ಇರಲಿ. ದೇವರು ನಿನಗೆ ಆಯಸ್ಸು ಕೊಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ಇಂತಿ,
ಮನುಷ್ಯಳೋ ಅಲ್ಲವೋ ನಿನಗೆ ಅನುಮಾನವಿರುವ
ನಿನ್ನ ಅಕ್ಕ

ಮರೆತೆ, ಬಸ್ಸು ಹಾರ್ನ್ ಹೊಡೆಯುತ್ತಿದೆ. ಶನಿವಾರ ನಾನು ಗೇಟು ತೆಗೆಯುವುದಿಲ್ಲ. ದೊರೆಯನ್ನು ಕೊಡುವುದೂ ಇಲ್ಲ. ಬೇಕಿದ್ದರೆ ನೀನೇ ಬಂದು ಎದುರು ನಿಂತು ಕೇಳು. ಆ ಡ್ರೈವರ್ ಗೋಡೆ ಹಾರಿದರೆ ಅವನ ಹಣೆಬರಹ. ನಾಯಿ ಡಬ್ಬಿಯಲ್ಲಿರುವುದನ್ನು ಮನುಷ್ಯರಿಗೆ ಹಾಕಬಹುದೋ ಇಲ್ಲವೋ ನಾನು ಡಾಕ್ಟರಮ್ಮನನ್ನು ಕೇಳಿಲ್ಲ.