ನಿನ್ನ ಇಪ್ಪತ್ತೊಂದು ಲಾವಕ್ಕಿಗಳು

ಗೆಳೆಯಾ ನೇಮಣ್ಣಾ,

ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಎದ್ದುಬಿಟ್ಟೆ. ಒಮ್ಮೆ ನೀರು ಕುಡಿಯಲು, ಒಮ್ಮೆ ಎತ್ತಿಗೆ ಮೇವು ಹಾಕಲು, ಇನ್ನೆರಡು ಸಲ ಯಾಕೆ ಎದ್ದೆನೋ ನನಗೇ ತಿಳಿಯದು. ನೀನಿದ್ದಿದ್ದರೆ "ಲಗಮ್ಯಾ, ಕುಂಡಿಗೆ ಮುಳ್ಳ ಹತ್ಯಾವೇನಲೇ, ಒಂದ ಕಡೆ ಕುಂದ್ರು" ಅನ್ನುತ್ತಿದ್ದಿ. ನೀನು ಹೋಗಿ ಏಳು ತಿಂಗಳಾಯಿತು. ನಿನ್ನ ಗಂಡು ಲಾವಕ್ಕಿಗಳ ವಿಷಯದಲ್ಲಿ ನಾನು ನಿನಗೆ ಸುಳ್ಳು ಹೇಳಿದ್ದೆ. ಅದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಐದನೆಯ ಸಲವೂ ಎದ್ದು ಹೋಗುತ್ತೇನೆ.

ಆ ಮರಿಗಳನ್ನು ನಾನು ಮೊದಲು ತಂದ ದಿನ ನಿನಗೆ ನೆನಪಿದೆಯೇ? ಆ ವರ್ಷ ಕಬ್ಬಿನ ಹಂಗಾಮು ಮುಗಿದು ನನ್ನ ಗಾಡಿ ನಿಂತಿತ್ತು. ಕೈ ಖಾಲಿ ಇದ್ದರೆ ನಾನು ಯಾರ ಜೊತೆಗಾದರೂ ಜಗಳ ತೆಗೆಯುತ್ತೇನೆ ಅಂತ ಕಸ್ತೂರಿ ಬೈಯುತ್ತಿದ್ದಳು. ಹೆಂಡತಿಯ ಬೈಗುಳ ತಪ್ಪಿಸಿಕೊಳ್ಳಲು ಕೊಲ್ಲಾಪುರದ ಕಡೆ ಹೋದವನು ಬೂಟಿನ ಡಬ್ಬಿಯಲ್ಲಿ ನಲವತ್ತು ಮರಿ ಹಿಡಿದು ಶಿರಗುಪ್ಪಿಗೆ ಬಂದೆ. ಬಸ್ಸಿಳಿದು ನೇರ ನಿನ್ನ ಹಿಂಡಿ ಅಂಗಡಿಗೆ ಬಂದು ಮುಚ್ಚಳ ತೆಗೆದೆ. "ಏನಲೇ ಇವು, ಇಲಿಮರಿ?" ಅಂದಿ. "ಲಾವಕ್ಕಿ. ಜಪಾನದ್ದು. ಆರ ವಾರಕ್ಕ ತತ್ತಿ ಇಡತಾವ" ಅಂದೆ. "ಇಷ್ಟ ದಿನಾ ಜಪಾನದವ್ರು ರೇಡಿಯೋ ಕಳಸತಿದ್ರು, ಈಗ ಹಕ್ಕಿನೂ ಕಳಸಾಕತ್ತಾರೇನು?" ಅಂತ ನಕ್ಕಿ. ಆದರೂ ಗೋವಿನಜೋಳದ ನುಚ್ಚು, ಶೇಂಗಾ ಹಿಂಡಿ ನೀನೇ ಅಳೆದು ಕೊಟ್ಟಿ. ಅದಕ್ಕೆ ಬೆರೆಸುವ ಒಣಮೀನಿನ ಪುಡಿಯನ್ನು ಜೈನರ ಅಂಗಡಿಯಲ್ಲಿ ಕೇಳುವಷ್ಟು ಬುದ್ಧಿಗೇಡಿ ನಾನಲ್ಲ. ಮಿರಜದಿಂದ ತಂದು ನಿನಗೆ ಕಾಣದಂತೆ ಬೆರೆಸುತ್ತಿದ್ದೆ. ನಿನಗೆ ವಾಸನೆ ಬರುತ್ತಿತ್ತು, ಎರಡು ಹೆಜ್ಜೆ ದೂರ ಸರಿದು ನಿಲ್ಲುತ್ತಿದ್ದಿ, ಅಷ್ಟೇ.

ಆರನೆಯ ವಾರ ನೀನು ಹಿತ್ತಲಿಗೆ ಬಂದಾಗ ಗೂಡಿನಲ್ಲಿ ಮೊದಲ ರಕ್ತ ಬಿದ್ದಿತ್ತು. ಎದೆ ಕೆಂಪಗಿರುವುದು ಗಂಡು, ಚುಕ್ಕೆ ಇರುವುದು ಹೆಣ್ಣು ಅಂತ ನಾನು ಪಂಡಿತನ ಹಾಗೆ ವಿವರಿಸುತ್ತಿದ್ದೆ. ನೀನು ಅದನ್ನು ಕೇಳಿಸಿಕೊಳ್ಳದೆ ಮೂಲೆ ನೋಡುತ್ತಿದ್ದಿ. ಅಲ್ಲಿ ಒಂದು ಗಂಡು ಇನ್ನೊಂದರ ಬೆನ್ನೇರಿ ತಲೆಯ ಚರ್ಮ ಕುಕ್ಕಿ ಕುಕ್ಕಿ ತೆಗೆಯುತ್ತಿತ್ತು. ಹೆಣ್ಣುಗಳ ಕತ್ತಿನ ಹಿಂಭಾಗದಲ್ಲಿ ಒಂದು ಪುಕ್ಕವೂ ಉಳಿದಿರಲಿಲ್ಲ. "ಮುಷ್ಟಿಯಾಗ ಹಿಡಿಯೋವಷ್ಟು ಜೀವಾ. ಇಷ್ಟ ಸಿಟ್ಟು ಎಲ್ಲಿಂದ ಬರತೈತಲೇ ಇವಕ್ಕ?" ಅಂದವನು ನನ್ನ ಮುಖ ನೋಡಿ ನಕ್ಕುಬಿಟ್ಟಿ. ಹಿಂದಿನ ವಾರವಷ್ಟೇ ನಾನು ಸಂತೆಯಲ್ಲಿ ಒಬ್ಬನ ಅಂಗಿ ಹರಿದಿದ್ದೆ. ನಾಲ್ಕು ಹೆಣ್ಣಿಗೆ ಒಂದು ಗಂಡು ಸಾಕು, ಹೆಚ್ಚಾದರೆ ಹೀಗೇ, ಆದರೆ ಹುಟ್ಟುವುದರಲ್ಲಿ ಅರ್ಧ ಗಂಡೇ ಇರುತ್ತವೆ ಅಂತ ಹೇಳಿದೆ. "ಉಳದ ಗಂಡು ಏನ ಮಾಡ್ತಿ?" ಅಂತ ಕೇಳಿದಿ. "ಮಿರಜದ ಖಾನಾವಳಿಗೆ" ಅಂದೆ. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಿ.

ಮರುದಿನ ಬೆಳಿಗ್ಗೆ ನೀನು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಿ. "ಖಾನಾವಳಿಗೆ ಹೋಗೋವು ನನಗ ಕೊಡು." ನಾನು ಹೊಟ್ಟೆ ಹಿಡಿದು ನಕ್ಕೆ. ಅಂಗಡಿಯ ಹಿಂದಿನ ಖಾಲಿ ಖೋಲಿಯನ್ನು ನೀನು ಅವಕ್ಕೆ ಬಿಟ್ಟುಕೊಟ್ಟಿ. ಬೆದರಿದಾಗ ಅವು ನೆಟ್ಟಗೆ ಮೇಲಕ್ಕೆ ಹಾರಿ ತಲೆ ಒಡೆದುಕೊಳ್ಳುತ್ತವೆ ಅಂತ ಗೋಣಿತಟ್ಟನ್ನು ಕೆಳಗೆ ಇಳಿಬಿಟ್ಟು ಕಟ್ಟಿದಿ. ಕಿಟಕಿಗೆ ಅರ್ಧ ಪರದೆ ಹಾಕಿದಿ, ಅಡಗಿಕೊಳ್ಳಲು ಒಡೆದ ಗಡಿಗೆಗಳನ್ನು ಮಗ್ಗುಲಾಗಿ ಇಟ್ಟಿ. ಹೆಣ್ಣಿನ ನೆರಳಿಲ್ಲ, ದನಿಯಿಲ್ಲ. ಹದಿನೈದು ದಿನದಲ್ಲಿ ಅವು ಒಂದರ ಪಕ್ಕ ಒಂದು ಕೂತು ಮಣ್ಣಿನಲ್ಲಿ ಹೊರಳತೊಡಗಿದವು. ನಾನು ಅದಕ್ಕೆ ಬ್ರಹ್ಮಚಾರಿಗಳ ಖೋಲಿ ಅಂತ ಹೆಸರಿಟ್ಟೆ, ಊರೆಲ್ಲ ಹಾಗೇ ಕರೆಯಿತು. ನಿನ್ನ ಹೆಂಡತಿ ಪದ್ಮಾ ವೈನಿಗೆ ಮಾತ್ರ ಸಮಾಧಾನವಿರಲಿಲ್ಲ. "ಕೊಲ್ಲೋದು ಪಾಪ, ಹೌದ. ಕೂಡಿ ಹಾಕೋದು ಪುಣ್ಯೇನು?" ಅಂತ ನಿನ್ನನ್ನು ಕೇಳುತ್ತಲೇ ಕಾಳು ಹಸನು ಮಾಡಿ ಕೊಡುತ್ತಿದ್ದರು.

ಎರಡನೆಯ ಸಲ ನಾನು ಐದು ಗಂಡು ತಂದಾಗ ನೀನು ಅವನ್ನು ಒಳಗೆ ಬಿಡಲಿಲ್ಲ, ಅದೂ ನೆನಪಾಗುತ್ತದೆ. ಖೋಲಿಯ ನಡುವೆ ಜಾಳಿಗೆ ಕಟ್ಟಿ ಎಂಟು ದಿನ ಆಚೆಗೆ ಹೊಸವು, ಈಚೆಗೆ ಹಳೆಯವು ಇರುವಂತೆ ಮಾಡಿದಿ. ಆಮೇಲೆ ಒಂದು ಮುಸ್ಸಂಜೆ ಗಡಿಗೆಗಳ ಜಾಗವನ್ನೆಲ್ಲ ಅದಲು ಬದಲು ಮಾಡಿ ಜಾಳಿಗೆ ಬಿಚ್ಚಿದಿ. "ಬೀಗರ್ನ ಕೂಡಿಸೋ ಹಂಗ ಮಾಡಾಕತ್ತಿಯಲ್ಲೋ" ಅಂತ ಕಾಡಿಸಿದೆ. "ಹೊಸಬಾ ಬಂದ ಅಂದ್ರ ಹಳಬರಿಗೆ ಹೊಟ್ಟ್ಯಾಗ ಕಸಿವಿಸಿ ಆಗತೈತಿ ಲಗಮ್ಯಾ. ಅವಕ್ಕೂ ಒಂದೀಟು ಯಾಳೆ ಬೇಕು" ಅಂದಿ. ಹಕ್ಕಿ ತಂದವನು ನಾನು, ಹಕ್ಕಿಯನ್ನು ತಿಳಿದುಕೊಂಡವನು ನೀನು. ಆ ಐದೂ ಸೇರಿ ಹದಿನಾಲ್ಕಾದವು, ಒಂದಕ್ಕೂ ಗಾಯವಾಗಲಿಲ್ಲ.

ಕಾಮಾಲೆ ವಿಪರೀತಕ್ಕೆ ತಿರುಗಿ ನಿನ್ನನ್ನು ಮಿರಜದ ಆಸ್ಪತ್ರೆಗೆ ಒಯ್ಯುವಾಗ ಜೀಪಿನೊಳಗಿಂದ ಕೈ ಚಾಚಿ ಖೋಲಿಯ ಬೀಗದಕೈ ನನಗೆ ಕೊಟ್ಟಿ. ನಿನ್ನ ಅಂಗೈ ಅರಿಸಿನ ಹಚ್ಚಿದಂತೆ ಇತ್ತು. "ನೀರು ದಿನಾ ಬದಲ್ಸು" ಅಂದಿ, ಅಷ್ಟೇ. ಬೇರೆ ಯಾರಿಗೂ ಕೊಡದೆ ನನಗೇ ಯಾಕೆ ಕೊಟ್ಟಿ? ನನ್ನ ಅವಸರ ನಿನಗೆ ಗೊತ್ತಿರಲಿಲ್ಲವೇ?

ಇನ್ನು ಆ ದಿನದ ಮಾತು. ನನ್ನ ಗೂಡಿನಲ್ಲಿ ಮತ್ತೆ ಏಳು ಗಂಡು ಹೆಚ್ಚಾಗಿದ್ದವು. "ಹೆಣ್ಣ ಹಕ್ಕಿ ಬೆನ್ನ ನೋಡ್ರಿ, ಹಸೀ ಮಾಂಸ ಕಾಣಾಕತ್ತೈತಿ. ಇವತ್ತ ಇವನ್ನ ಮುಗಸ್ತೀರೋ ಇಲ್ಲೋ?" ಅಂದಳು ಕಸ್ತೂರಿ. ಚೂರಿ ಕೈಗೆ ತೆಗೆದುಕೊಂಡೆ. ಆಗ ನಿನ್ನ ನೆನಪಾಯಿತು. ಏಳು ಜೀವ ಉಳಿಸಿದೆ ಅಂತ ನಿನ್ನ ಮಂಚದ ಹತ್ತಿರ ನಿಂತು ಹೇಳಬೇಕು ಅನ್ನಿಸಿತು. ದೇವರಾಣೆ, ಮೊದಲು ಹುಟ್ಟಿದ್ದು ಒಳ್ಳೆಯ ಯೋಚನೆಯೇ. ಆದರೆ ಮಿರಜದ ಬಸ್ಸಿಗೆ ಅರ್ಧ ತಾಸೂ ಇರಲಿಲ್ಲ. ಜಾಳಿಗೆ ಮೂಲೆಯಲ್ಲಿ ಸುತ್ತಿಟ್ಟಿತ್ತು, ಕಣ್ಣಿಗೆ ಕಂಡಿತು ಕೂಡ. ಕಟ್ಟುತ್ತ ಕೂತರೆ ಬಸ್ಸು ಹೋಗುತ್ತದೆ, ಸಂಜೆ ಬಂದು ಕಟ್ಟಿದರಾಯಿತು ಅಂದುಕೊಂಡೆ. ನಡುಹಗಲಲ್ಲಿ, ಹದಿನಾಲ್ಕರ ನಡುವೆ ಏಳನ್ನು ಬುಟ್ಟಿಯಿಂದ ಸುರಿದು ಬೀಗ ಹಾಕಿಕೊಂಡು ಓಡಿದೆ.

ಮಂಚದ ಹತ್ತಿರ ನಿಂತು "ಇಪ್ಪತ್ತೊಂದಾದ್ವು ನೋಡಪಾ" ಅಂದಾಗ ನಿನ್ನ ಮುಖ ಅರಳಿತು. ಕಸ್ತೂರಿ ಕೈಯಿಂದ ಬಿಡಿಸಿಕೊಂಡು ಬಂದೆ ಅಂತ ಒಂದಕ್ಕೆರಡು ಸೇರಿಸಿ ಹೇಳಿದೆ, ನೀನು ನಕ್ಕಿ. ಆಮೇಲೆ ಮೆಲ್ಲಗೆ ಕೇಳಿದಿ. "ನಡುವ ಜಾಳಿಗಿ ಕಟ್ಟಿಯಲ್ಲ?" "ಕಟ್ಟೀನಿ" ಅಂದೆ. ನೇಮಣ್ಣಾ, ನಾಲ್ಕು ಗಂಟೆಗೆ ಒಂದು ಬಸ್ಸಿತ್ತು. ಇಲ್ಲ, ಕಟ್ಟಿಲ್ಲ ಅಂತ ನಾನು ಅಂದಿದ್ದರೆ ನೀನು ಆಗಲೇ ನನ್ನನ್ನು ಓಡಿಸುತ್ತಿದ್ದಿ. ನಾನು ನಿನ್ನ ನಗು ನೋಡುತ್ತ ಕೂತೆ. ಕೊನೆಯ ಬಸ್ಸೂ ತಪ್ಪಿತು, ಅಲ್ಲೇ ವರಾಂಡದಲ್ಲಿ ಮಲಗಿದೆ.

ಮರುದಿನ ಬೆಳಗ್ಗೆ ಬೀಗ ತೆಗೆದಾಗ ಖೋಲಿ ಸುಮ್ಮನಿತ್ತು. ಕೂಗುವ ಹಕ್ಕಿಗಳು ಕೂಗುತ್ತಿರಲಿಲ್ಲ. ಎಂಟು ಸತ್ತಿದ್ದವು, ಹೊಸವಷ್ಟೇ ಅಲ್ಲ, ಮಣ್ಣಿನಲ್ಲಿ ಜೊತೆಗೆ ಹೊರಳುತ್ತಿದ್ದ ಹಳೆಯವೂ ಒಂದನ್ನೊಂದು ಕೊಂದಿದ್ದವು. ನಾಲ್ಕು ಉಸಿರಾಡುತ್ತಿದ್ದವು, ತಲೆಬುರುಡೆ ಕಾಣುತ್ತಿತ್ತು, ಒಂದಕ್ಕೆ ಎರಡೂ ಕಣ್ಣಿರಲಿಲ್ಲ. ಉಳಿದ ಒಂಬತ್ತೂ ಗಡಿಗೆಗಳೊಳಗೆ ನಡುಗುತ್ತ ಕೂತಿದ್ದವು. ಎಂಟನ್ನು ತಿಪ್ಪೆಯ ಹಿಂದೆ ಹೂತೆ. ಆ ನಾಲ್ಕನ್ನು ಮನೆಗೆ ಒಯ್ದು ಕೊಯ್ದೆ. ನೋವು ನೋಡಲಾರದೆ ಕೊಯ್ದೆನೋ, ಸುಮ್ಮನೆ ಕೆಟ್ಟುಹೋಗಬಾರದು ಅಂತ ಕೊಯ್ದೆನೋ? ಏಳು ತಿಂಗಳಿಂದ ಇದನ್ನೇ ತಿರುವಿ ತಿರುವಿ ಕೇಳಿಕೊಳ್ಳುತ್ತಿದ್ದೇನೆ. ನೋವು ನೋಡಲಾರದೆ ಅಂತ ಹೇಳಿಬಿಡಬಹುದು. ಆದರೆ ಕಸ್ತೂರಿ ಸಾರು ಮಾಡಿದಳು, ನಾನು ಊಟಕ್ಕೆ ಕೂತೆ, ತಿಂದೆ. ರುಚಿ ಹತ್ತಲಿಲ್ಲ ಅಂತ ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ.

ಎರಡು ದಿನ ಬಿಟ್ಟು ಬಂದಾಗ ನಿನ್ನ ದನಿ ಇಳಿದುಹೋಗಿತ್ತು, ಕಿವಿ ಹತ್ತಿರ ತರಬೇಕಾಯಿತು. "ಎಷ್ಟ ಅದಾವು?" ಅಂದಿ. ನಾನು ಯೋಚಿಸಲೂ ಇಲ್ಲ. "ಇಪ್ಪತ್ತೊಂದು" ಅಂದೆ. "ನನ್ನ ಕೈಗಿಂತ ನಿನ್ನ ಕೈ ಛಲೋ ಆತು ಬಿಡ" ಅಂದಿ. ಅದೇ ನೀನು ನನಗೆ ಹೇಳಿದ ಕೊನೆಯ ಮಾತು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಸಾಯುವವನಿಗೆ ನೆಮ್ಮದಿ ಸಿಗಲಿ ಅಂತ ಹೇಳಿದೆ ಅಂತ ಜನ ನನ್ನನ್ನು ಒಪ್ಪಿಕೊಂಡಾರು. ಆದರೆ ಆ ಕ್ಷಣದಲ್ಲಿ ನನಗೆ ಬೇಕಾಗಿದ್ದು ನಿನ್ನ ನೆಮ್ಮದಿಯೋ, ನನ್ನ ಮರ್ಯಾದೆಯೋ… ಮೂರನೆಯ ದಿನ ನಿನ್ನನ್ನು ಊರಿಗೆ ತಂದರು. ನಾನು ಹೆಗಲು ಕೊಟ್ಟೆ, ಎಲ್ಲರ ಮುಂದೆ ಅತ್ತೆ.

ನಿನ್ನ ಉತ್ತರಕ್ರಿಯೆಗಳೆಲ್ಲ ಮುಗಿದ ವಾರ ವೈನಿ ಒಂದು ಚೀಲ ಕಳಿಸಿದರು. ನುಚ್ಚು, ಹಿಂಡಿ ಬೆರೆಸಿ, ಬಾಯಿ ಹೊಲಿದದ್ದು. ಬೀಗದಕೈ ನನ್ನ ಹತ್ತಿರವೇ ಇರಲಿ ಅಂದರಂತೆ. ತಾವು ಆ ಖೋಲಿಗೆ ಕಾಲಿಡಲಿಲ್ಲ, ಕಾಳು ಮಾತ್ರ ತಿಂಗಳು ತಪ್ಪದೆ ಕೊಟ್ಟರು. ಎದುರಿಗೆ ಸಿಕ್ಕಾಗ ಒಂದೇ ಮಾತು, "ಇಪ್ಪತ್ತೊಂದಕ್ಕ ಸಾಕಾಗತೈತೇನ್ರಿ, ಅಣ್ಣಾರ?" "ಸಾಕಾಗತೈತ್ರಿ, ವೈನಿ." ಒಂಬತ್ತು ತಿಂದು ಉಳಿದದ್ದನ್ನು ನನ್ನ ಹೆಣ್ಣು ಹಕ್ಕಿಗಳು ತಿಂದವು. ಗಂಡನಿಗೆ ಹೇಳಿದ ಒಂದು ಸುಳ್ಳನ್ನು ಹೆಂಡತಿಗೆ ಏಳು ಸಲ ಹೇಳಿದೆ. ಅಂಗಡಿಯ ಮುಂದಿನ ದಾರಿ ಬಿಟ್ಟು ಕೆರೆಯ ಕಡೆಯಿಂದ ಸುತ್ತಿ ಹೋಗುವುದು ರೂಢಿಯಾಯಿತು. ಮನೆಯಲ್ಲಿ ಸುಮ್ಮಸುಮ್ಮನೆ ರೇಗುತ್ತಿದ್ದೆ, ಕಸ್ತೂರಿಯೇ ಒಂದು ದಿನ "ಹೋಗಿ ಹೇಳಿ ಬರ್ರಿ, ಇಲ್ಲಾಂದ್ರ ನಾನಽ ಹೇಳ್ತೀನಿ" ಅಂದಳು.

ಹೋದ ಸೋಮವಾರ ವೈನಿ ಅಂಗಡಿಯ ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದರು. ಪಕ್ಕದಲ್ಲಿ ಈ ತಿಂಗಳ ಚೀಲ ಸಿದ್ಧವಾಗಿತ್ತು. ನಾನು ನಿಂತೇ ಎಲ್ಲ ಹೇಳಿದೆ. ಜಾಳಿಗೆ ಕಟ್ಟದ್ದು, ಎಂಟು ಹೂತದ್ದು, ನಾಲ್ಕು ಕೊಯ್ದದ್ದು, ತಿಂದದ್ದನ್ನೂ ಬಿಡಲಿಲ್ಲ. ಅವರು ಮೊರ ಕೆಳಗಿಟ್ಟರು. "ಅವರಿಗೆ ಗೊತ್ತಿತ್ತೇನ್ರಿ?" "ಇಲ್ರಿ." ವೈನಿ ಚೀಲದ ಹೊಲಿಗೆ ಬಿಚ್ಚಿ, ಅರ್ಧಕ್ಕಿಂತ ಹೆಚ್ಚು ಕಾಳು ಡಬ್ಬಿಗೆ ವಾಪಸು ಸುರಿದು, ಉಳಿದದ್ದನ್ನು ಕಟ್ಟಿ ನನ್ನ ಕಾಲ ಹತ್ತಿರ ಇಟ್ಟರು. "ಒಂಬತ್ತಕ್ಕ ಇಷ್ಟ ಸಾಕು. ನನಗ ಹೇಳಿದಂಗ ಅವರಿಗೂ ಹೇಳ್ರಿ." ಚಹಾ ಕುಡಿಯಿರಿ ಅನ್ನಲಿಲ್ಲ.

ಅದಕ್ಕೇ ಈ ಪತ್ರ. ಹೇಗೆ ತಲುಪಿಸುವುದೋ ವೈನಿಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು ಸುದ್ದಿ, ನಾನು ಮರಿ ಮಾಡಿಸುವುದನ್ನು ನಿಲ್ಲಿಸಿದ್ದೇನೆ. ತತ್ತಿಗೆ ಕಾವು ಕೊಡುವ ಬಲ್ಬಿನ ಪೆಟ್ಟಿಗೆಯನ್ನು ಬಿಚ್ಚಿ ಹಾಕಿದೆ. ಇರುವ ಹೆಣ್ಣುಗಳು ಇರುವಷ್ಟು ದಿನ ತತ್ತಿ ಇಡಲಿ, ಉಳಿಸಲೂ ಆಗದ ಕೊಯ್ಯಲೂ ಆಗದ ಗಂಡುಗಳನ್ನು ಇನ್ನು ನಾನು ಹುಟ್ಟಿಸುವುದಿಲ್ಲ. ಕ್ಷಮಿಸು ಅಂತ ಬರೆಯಲು ಕೈ ಬರುತ್ತಿಲ್ಲ. ನೀನು ಕ್ಷಮಿಸಿಬಿಡುತ್ತಿ ಅಂತ ಗೊತ್ತು, ಅದೇ ತೊಂದರೆ.

ಇವತ್ತು ಬೆಳಗ್ಗೆ ನೀರು ಬದಲಿಸುವಾಗ ಎಣಿಸಿದೆ. ಎಂಟು ಇದ್ದವು. ಕುಂಟುತ್ತಿದ್ದ ಒಂದು, ನೀನು ಮೊದಲ ಬುಟ್ಟಿಯಲ್ಲಿ ಒಯ್ದದ್ದು, ಗಡಿಗೆಯೊಳಗೆ ಮುದುಡಿ ಸತ್ತಿತ್ತು. ಮೈಮೇಲೆ ಒಂದು ಗಾಯವೂ ಇಲ್ಲ, ಮುಪ್ಪಾಗಿತ್ತು ಅಷ್ಟೇ. ಒಂಬತ್ತು ಅಂತ ವೈನಿಗೆ ಹೇಳಿ ಇನ್ನೂ ನಾಲ್ಕು ದಿನವಾಗಿಲ್ಲ. ಅಂಗಡಿ ಮುಚ್ಚುವುದರೊಳಗೆ ಹೋಗಿ ಎಂಟು ಅಂತ ಹೇಳಿ ಬರುತ್ತೇನೆ.

ನಿನ್ನ
ಲಗಮಣ್ಣ